ಒಡೆದ ಹಿಮ್ಮಡಿ: ಮನೆಯ ಆರೈಕೆ, ಮರೆಯಬಾರದ ಎಚ್ಚರ



ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ಮನೆಗಳ ಪದ್ಧತಿ. ಹಬ್ಬ ಹುಣ್ಣಿಮೆ ಬಂದರೆ ಕಿರಿಯರು ಹಿರಿಯರ ಪಾದ ಮುಟ್ಟಿ ನಮಸ್ಕರಿಸುತ್ತಾರೆ. ಪಾದಕ್ಕೆ ಇಷ್ಟು ಗೌರವ ಸಲ್ಲಿಸುವ ನಾವು ಆ ಪಾದ ಹೇಗಿದೆಯೆಂದು ಕಣ್ಣಿಟ್ಟು ನೋಡುವುದು ಮಾತ್ರ ಅಪರೂಪ. ಮುಖದ ಮೇಲೊಂದು ಮೊಡವೆ ಎದ್ದರೆ ಕನ್ನಡಿಯ ಮುಂದೆ ಹತ್ತು ಸಲ ನಿಲ್ಲುವವರು ಹಿಮ್ಮಡಿ ಒಡೆದು ರಕ್ತ ಜಿನುಗಿದರೂ "ಚಳಿಗಾಲವಲ್ಲವೆ, ಒಡೆಯುವುದು ಸಹಜ" ಎಂದು ಸುಮ್ಮನಾಗುತ್ತಾರೆ. ಹೊಲಮನೆಯಲ್ಲಿ ದುಡಿಯುವ ನಮ್ಮ ತಾಯಂದಿರಂತೂ ಒಡೆದ ಹಿಮ್ಮಡಿಯನ್ನು ದುಡಿಮೆಯ ಗುರುತೆಂದೇ ತಿಳಿದಿದ್ದಾರೆ. ಈ ಸಂಚಿಕೆಯಲ್ಲಿ ಆ ಹಿಮ್ಮಡಿಯ ಬಗೆಗೇ ವಿಚಾರ ಮಾಡೋಣ. ಮದ್ದು ಹೇಳುವ ಮುನ್ನ ನನ್ನದೇ ಮನೆಯಲ್ಲಿ ನಡೆದುದನ್ನು ಹೇಳಬೇಕಾಗಿದೆ.

ನಾನು ಮಾಡಿದ ಎರಡು ತಪ್ಪುಗಳು

ಅದು 2015ರ ಸಂಕ್ರಮಣದ ದಿನ. ನಮ್ಮ ಅತ್ತೆಯವರಿಗೆ ಆಗ 66 ವರ್ಷ. ಸಕ್ಕರೆ ಕಾಯಿಲೆ 12 ವರ್ಷಗಳಿಂದ ಇತ್ತು. ಕುಸುರೆಳ್ಳು ಕೊಟ್ಟು ನಮಸ್ಕರಿಸಲು ಬಾಗಿದಾಗ ಅವರ ಬಲಗಾಲಿನ ಹಿಮ್ಮಡಿ ಕಣ್ಣಿಗೆ ಬಿತ್ತು. ಅಂಚಿನ ಚರ್ಮ ಹಳದಿಗಟ್ಟಿ ದಪ್ಪವಾಗಿತ್ತು. ಅದರ ನಡುವೆ ಜೋಳದ ಕಾಳು ಹಿಡಿಸುವಷ್ಟು ಅಗಲದ ಒಂದು ಸೀಳು; ಸೀಳಿನೊಳಗೆ ಮಣ್ಣು ಕುಳಿತಿತ್ತು. ಗಾಬರಿಯಿಂದ ಕೇಳಿದರೆ, "ಏನಾಗಿಲ್ಲ ಬಿಡವಾ, ಬ್ಯಾನಿನ ಇಲ್ಲ" ಎಂದು ನಕ್ಕುಬಿಟ್ಟರು. ನೋವಿಲ್ಲವೆಂಬ ಮಾತು ಕೇಳಿ ನನಗೂ ಸಮಾಧಾನವಾಯಿತು. ಆ ಸಮಾಧಾನವೇ ನನ್ನ ಮೊದಲ ತಪ್ಪು.

ಎರಡನೆಯ ತಪ್ಪನ್ನು ಅದೇ ರಾತ್ರಿ ಮಾಡಿದೆ. ಬೋಗುಣಿಯಲ್ಲಿ ಬಿಸಿನೀರು ಹಾಕಿ, ಒಂದು ಹಿಡಿ ಉಪ್ಪು ಬೆರೆಸಿ, ಅತ್ತೆಯವರ ಕಾಲುಗಳನ್ನು ಅದರಲ್ಲಿ ಇರಿಸಿದೆ. "ನೀರು ಆರೇದ, ಇನ್ನಷ್ಟು ಬಿಸಿ ಹಾಕು" ಎಂದರು. ಹಾಕಿದೆ. ಅರ್ಧ ಗಂಟೆ ಹಾಗೆಯೇ ಕುಳಿತಿದ್ದರು. ಬೆಳಗಾಗುವಷ್ಟರಲ್ಲಿ ಬೆರಳುಗಳ ಮೇಲೆ ಬೊಬ್ಬೆಗಳು ಎದ್ದಿದ್ದವು. ನೀರು ಆರಿರಲಿಲ್ಲ, ಅವರ ಕಾಲಿಗೆ ಬಿಸಿ ತಿಳಿಯುತ್ತಿರಲಿಲ್ಲ. ನಾಲ್ಕನೆಯ ದಿನಕ್ಕೆ ಪಾದ ಕೆಂಪೇರಿ ಊದಿಕೊಂಡಿತು, ಚಳಿಜ್ವರ ಬಂತು. ತಾಲ್ಲೂಕಿನ ಆಸ್ಪತ್ರೆಯಿಂದ ಜಿಲ್ಲೆಯ ಆಸ್ಪತ್ರೆಗೆ ಒಯ್ಯಬೇಕಾಯಿತು. ವೈದ್ಯರು ಒಂದು ಸಣ್ಣ ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿ, "ಮುಟ್ಟಿದ್ದು ತಿಳಿಯಿತೆ?" ಎಂದು ಕೇಳುತ್ತಾ ಹೋದರು. ಅತ್ತೆಯವರು ಒಮ್ಮೆಯೂ ಹೌದೆನ್ನಲಿಲ್ಲ. "ನೋವು ಇದ್ದಿದ್ದರೆ ಇವರು ತಿಂಗಳ ಹಿಂದೆಯೇ ನಮ್ಮಲ್ಲಿಗೆ ಬರುತ್ತಿದ್ದರು" ಎಂದು ಅವರು ಹೇಳಿದ ಮಾತನ್ನು ನಾನು ಮರೆತಿಲ್ಲ. 23 ದಿನ ಆಸ್ಪತ್ರೆಯಲ್ಲಿದ್ದೆವು. ಪಾದ ಉಳಿಯಿತು, ಕಿರುಬೆರಳು ಉಳಿಯಲಿಲ್ಲ.

ಒಡೆದ ಹಿಮ್ಮಡಿಗಳಲ್ಲಿ ಬಹುಪಾಲು ಮನೆಯ ಆರೈಕೆಯಿಂದಲೇ ವಾಸಿಯಾಗುತ್ತವೆ. ಆದರೆ ಯಾವ ಹಿಮ್ಮಡಿಗೆ ಮನೆಮದ್ದು ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಮೊದಲು ಅರಿಯಬೇಕು. ಈ ಲೇಖನದ ಮುಖ್ಯ ಮಾತು ಇದೇ.

ಹಿಮ್ಮಡಿ ಏಕೆ ಒಡೆಯುತ್ತದೆ?

ರೊಟ್ಟಿ ಬಡಿಯುವ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಜೋಳದ ಹಿಟ್ಟಿಗೆ ನೀರಿನ ಹದ ಸರಿಯಾಗಿದ್ದರೆ, ಬಡಿದಂತೆಲ್ಲ ರೊಟ್ಟಿ ಸುತ್ತಲೂ ಸಮನಾಗಿ ಹರಡುತ್ತದೆ. ಹದ ತಪ್ಪಿ ಹಿಟ್ಟು ಬಿರುಸಾಗಿದ್ದರೆ ಅಂಚು ಸೀಳುತ್ತದೆ. ಹಿಮ್ಮಡಿಯಲ್ಲಿ ಆಗುವುದೂ ಇದೇ. ಹಿಮ್ಮಡಿಯ ಎಲುಬಿನ ಕೆಳಗೆ ಕೊಬ್ಬಿನ ಒಂದು ಮೆತ್ತೆಯಿದೆ. ಹೆಜ್ಜೆಯೂರಿದಾಗ ಮೈಭಾರಕ್ಕೆ ಆ ಮೆತ್ತೆ ಅದುಮಿ ಪಕ್ಕಕ್ಕೆ ಉಬ್ಬುತ್ತದೆ. ಮೇಲಿನ ಚರ್ಮವೂ ಅದರೊಡನೆ ಹಿಗ್ಗಬೇಕು. ಚರ್ಮದಲ್ಲಿ ತೇವವಿದ್ದರೆ ಹಿಗ್ಗುತ್ತದೆ. ಒಣಗಿ ಗಡುಸಾಗಿದ್ದರೆ ಹಿಗ್ಗಲಾರದೆ ಅಂಚಿನಲ್ಲಿ ಬಿರಿಯುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆಗಳನ್ನಿಡುವಾಗ ಆ ಸಣ್ಣ ಬಿರುಕೇ ಮತ್ತೆ ಮತ್ತೆ ಸೆಳೆತಕ್ಕೆ ಸಿಲುಕಿ ಆಳವಾಗುತ್ತಾ ಹೋಗುತ್ತದೆ.

ಹಾಗಾದರೆ ಹಿಮ್ಮಡಿಯೇ ಏಕೆ ಇಷ್ಟು ಒಣಗಬೇಕು? ದೇಹದ ಬಹುಭಾಗದ ಚರ್ಮದಲ್ಲಿ ಜಿಡ್ಡು ಒಸರುವ ಸೂಕ್ಷ್ಮ ಗ್ರಂಥಿಗಳಿವೆ. ಅಂಗೈ ಅಂಗಾಲುಗಳಲ್ಲಿ ಅವು ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ. ಅಂಗಾಲಿನ ಚರ್ಮ ಮೈಯಲ್ಲೆಲ್ಲ ಅತ್ಯಂತ ದಪ್ಪನೆಯದು. ಒತ್ತಡ ಮತ್ತು ತಿಕ್ಕಾಟ ಹೆಚ್ಚಾದಷ್ಟೂ ತನ್ನನ್ನು ಕಾಪಾಡಿಕೊಳ್ಳಲು ಅದು ಇನ್ನಷ್ಟು ದಪ್ಪವಾಗುತ್ತದೆ. ಜಿಡ್ಡಿನ ರಕ್ಷಣೆಯಿಲ್ಲದ ದಪ್ಪ ಚರ್ಮ ಮಾಗಿಯ ಒಣಗಾಳಿಗೆ ಸಿಕ್ಕರೆ ಎರೆಹೊಲದಂತೆ ಬಿರಿಯದೆ ಇನ್ನೇನಾದೀತು?

ನಮ್ಮ ಪ್ರಾಚೀನ ವೈದ್ಯರಿಗೂ ಇದು ತಿಳಿಯದ ವಿಷಯವಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಇದಕ್ಕೆ 'ಪಾದದಾರಿ' ಎಂಬ ಹೆಸರಿದೆ. ಹೆಚ್ಚು ತಿರುಗಾಡುವವರ ಪಾದಗಳು ವಾತದಿಂದ ರೂಕ್ಷಗೊಂಡು ಬಿರಿಯುತ್ತವೆಂದು ಅಲ್ಲಿ ಹೇಳಲಾಗಿದೆ. ವಾಗ್ಭಟನ ಅಷ್ಟಾಂಗಹೃದಯವು ನಿತ್ಯದ ಎಣ್ಣೆಯಭ್ಯಂಗವನ್ನು ಹೇಳುವಾಗ ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದು ಸೂಚಿಸುತ್ತದೆ. ನಾವು ತಲೆಗೆ ಎಣ್ಣೆ ಹಚ್ಚುವುದನ್ನು ಉಳಿಸಿಕೊಂಡು ಪಾದವನ್ನು ಮರೆತಿದ್ದೇವೆ.

ದಿನಬಳಕೆಯಲ್ಲಿಯ ಕಾರಣಗಳು

ಬರಿಗಾಲಿನ ನಡಿಗೆ, ಗಚ್ಚು ಹಾಗೂ ಗ್ರಾನೈಟ್ ನೆಲದ ಮೇಲೆ ತಾಸುಗಟ್ಟಲೆ ನಿಂತು ಮಾಡುವ ಅಡುಗೆ ಕೆಲಸ, ಹೆಚ್ಚಿದ ಮೈತೂಕ, ಹಿಂಬದಿ ತೆರೆದ ಸವೆದ ಚಪ್ಪಲಿ ಇವು ಸಾಮಾನ್ಯ ಕಾರಣಗಳು. ಹಿಂಬದಿ ತೆರೆದ ಚಪ್ಪಲಿಯಲ್ಲಿ ಹಿಮ್ಮಡಿಯ ಮೆತ್ತೆಯನ್ನು ಪಕ್ಕದಿಂದ ಹಿಡಿದಿಡುವ ಆಸರೆಯಿರುವುದಿಲ್ಲ. ಆದುದರಿಂದ ಅದು ಹೆಚ್ಚು ಉಬ್ಬಿ ಚರ್ಮವನ್ನು ಸೀಳುತ್ತದೆ. ಬಟ್ಟೆ ಒಗೆಯುವಾಗ ಸೋಪಿನ ಪುಡಿಯ ನೀರಿನಲ್ಲಿ ನಿಲ್ಲುವುದು, ಬಚ್ಚಲು ತೊಳೆಯುವ ದ್ರಾವಣ, ಸಿಮೆಂಟು ಕೆಲಸ, ಕುದಿಯುವಷ್ಟು ಬಿಸಿನೀರಿನ ದೀರ್ಘ ಸ್ನಾನ ಇವೆಲ್ಲ ಚರ್ಮದ ಸಹಜ ಸ್ನಿಗ್ಧತೆಯನ್ನು ತೊಳೆದುಹಾಕುತ್ತವೆ. ವಯಸ್ಸಾದಂತೆ ಚರ್ಮ ತಾನಾಗಿಯೇ ಒಣಗುತ್ತದೆ.

ಕೆಲವೊಮ್ಮೆ ಒಡೆದ ಹಿಮ್ಮಡಿ ಒಳಗಿನ ರೋಗದ ಸೂಚನೆಯಾಗಿರುತ್ತದೆ. ಮಧುಮೇಹ ಅವುಗಳಲ್ಲಿ ಮುಖ್ಯವಾದುದು. ಚರ್ಮ ಒಣಗುವುದರ ಜೊತೆಗೆ ಸದಾ ಆಯಾಸ, ಚಳಿ ತಡೆಯದಿರುವುದು, ಮಲಬದ್ಧತೆ, ತೂಕ ಏರುವುದು ಕಂಡುಬಂದರೆ ಥೈರಾಯ್ಡ್ ಗ್ರಂಥಿಯ ಕೊರತೆಯಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಅಂಗಾಲಿನ ಗೆರೆಗಳಲ್ಲಿ ಹಿಟ್ಟು ಸವರಿದಂತೆ ಬಿಳಿಯ ಹೊಟ್ಟು, ಬೆರಳ ಸಂದಿಯಲ್ಲಿ ತುರಿಕೆ ಇದ್ದರೆ ಅದು ಬೂಷ್ಟಿನಿಂದ ಬರುವ ಹುಳುಕಡ್ಡಿಯಂಥ ಚರ್ಮರೋಗವಾಗಿರಬಹುದು. ಎಷ್ಟು ಎಣ್ಣೆ ತಿಕ್ಕಿದರೂ ಅದು ಹೋಗದು. ಮೊಣಕೈ ಮೊಣಕಾಲುಗಳ ಮೇಲೂ ಬೆಳ್ಳಿಯಂತಹ ಹೊಟ್ಟು ಏಳುತ್ತಿದ್ದರೆ ಸೋರಿಯಾಸಿಸ್ ಇದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ. ಮರಗಟ್ಟಿದ, ಸ್ಪರ್ಶಜ್ಞಾನವಿಲ್ಲದ ಮಚ್ಚೆಗಳು ಮೈಮೇಲಿದ್ದರೆ ಕುಷ್ಠರೋಗದ ತಪಾಸಣೆಯಾಗಬೇಕು. ಇದಕ್ಕೆ ನಾಚಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಔಷಧ ಉಚಿತ, ರೋಗ ಪೂರ್ಣ ಗುಣವಾಗುತ್ತದೆ.

ಮನೆಯ ಆರೈಕೆಯ ಕ್ರಮ

ಸಕ್ಕರೆ ಕಾಯಿಲೆ ಇಲ್ಲದವರು, ಕಾಲಿನಲ್ಲಿ ಸ್ಪರ್ಶಜ್ಞಾನ ಸರಿಯಾಗಿರುವವರು ಮಾತ್ರ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು. ರಾತ್ರಿ ಊಟವಾಗಿ ಕೆಲಸ ಮುಗಿದ ಮೇಲಿನ ಹೊತ್ತು ಇದಕ್ಕೆ ತಕ್ಕುದು.

1. ಅಗಲವಾದ ಬೋಗುಣಿಯಲ್ಲಿ ಪಾದ ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ 15 ನಿಮಿಷ ಕಾಲಿಡಬೇಕು. ಮೈಗೆ ಹಚ್ಚುವ ಸೌಮ್ಯ ಸಾಬೂನನ್ನು ಸ್ವಲ್ಪ ಬೆರೆಸಬಹುದು. ಉಪ್ಪು, ಸೋಡಾ, ನಿಂಬೆರಸ ಬೇಡ. ಒಣಗಿದ ಚರ್ಮವನ್ನು ಅವು ಇನ್ನಷ್ಟು ಕೆರಳಿಸುತ್ತವೆ, ಬಿರುಕಿದ್ದರೆ ಉರಿಯುತ್ತವೆ.

2. ಮೆತ್ತಗಾದ ಗಟ್ಟಿ ಚರ್ಮವನ್ನು ಕಾಲುಜ್ಜುವ ಪ್ಯೂಮಿಸ್ ಕಲ್ಲಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಬೇಕು. ವಾರಕ್ಕೆ ಎರಡು ಸಲ ಸಾಕು. ಒಂದೇ ದಿನಕ್ಕೆ ನುಣುಪು ಮಾಡುವ ಆತುರ ಬೇಡ. ಅತಿಯಾಗಿ ಉಜ್ಜಿದರೆ ಚರ್ಮ ಗಾಯವಾಗುತ್ತದೆ, ಮತ್ತಷ್ಟು ದಪ್ಪವಾಗಿಯೂ ಬೆಳೆಯುತ್ತದೆ. ರಕ್ತ ಜಿನುಗುವ ಬಿರುಕಿನ ಮೇಲೆ ಕಲ್ಲು ತಾಗಿಸಬಾರದು. ಒಬ್ಬರ ಕಲ್ಲನ್ನು ಇನ್ನೊಬ್ಬರು ಬಳಸಬಾರದು.

3. ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು. ಬೆರಳ ಸಂದಿಗಳನ್ನು ಪೂರ್ತಿ ಒಣಗಿಸಬೇಕು. ಹಿಮ್ಮಡಿಯಲ್ಲಿ ಮಾತ್ರ ಸ್ವಲ್ಪ ಪಸೆ ಉಳಿದಿರಲಿ.

4. ಆ ಪಸೆ ಆರುವ ಮುನ್ನವೇ, ಎರಡು ಮೂರು ನಿಮಿಷದೊಳಗೆ, ಎಣ್ಣೆ ಅಥವಾ ಮುಲಾಮು ಹಚ್ಚಬೇಕು. ಬೆರಳ ಸಂದಿಗೆ ಹಚ್ಚಬಾರದು. ಅಲ್ಲಿ ಜಿಡ್ಡು ಮತ್ತು ತೇವ ಸೇರಿದರೆ ಬೂಷ್ಟು ಬೆಳೆಯುತ್ತದೆ.

5. ಒಗೆದು ಒಣಗಿಸಿದ ಹತ್ತಿಯ ಕಾಲುಚೀಲ ಧರಿಸಿ ಮಲಗಬೇಕು. ಎಣ್ಣೆ ಹಚ್ಚಿದ ಕಾಲಿನಿಂದ ನಯವಾದ ನೆಲದ ಮೇಲೆ ಓಡಾಡಿದರೆ ಜಾರಿ ಬೀಳುವ ಭಯವಿದೆ. ಆದುದರಿಂದ ಹಿರಿಯರು ಹಾಸಿಗೆಯ ಮೇಲೆ ಕುಳಿತೇ ಹಚ್ಚಿಕೊಳ್ಳಲಿ. ರಾತ್ರಿ ಏಳಬೇಕಾದರೆ ಜಾರದ ಚಪ್ಪಲಿ ಮೆಟ್ಟಲಿ.

ನಾಲ್ಕನೆಯ ಮಾತನ್ನು ಮತ್ತೊಮ್ಮೆ ಓದಿರಿ. ಬಹಳ ಜನ ಸೋಲುವುದು ಅಲ್ಲಿಯೇ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದ ನೀರು ಆರಿಹೋಗದಂತೆ ಮೇಲೊಂದು ಮುಚ್ಚಳ ಹಾಕುತ್ತದೆ, ಅಷ್ಟೆ. ಬಿರುಸಾದ ಹಿಟ್ಟಿನ ಮೇಲೆ ಎಣ್ಣೆ ಸವರಿದರೆ ರೊಟ್ಟಿ ಸರಿಯಾದೀತೆ? ಒಣ ಹಿಮ್ಮಡಿಗೆ ಎಣ್ಣೆ ತಿಕ್ಕಿ "ಏನೂ ಗುಣ ಕಾಣಲಿಲ್ಲ" ಎನ್ನುವವರು ಮೊದಲು ಕಾಲು ನೆನೆಸಿ ನೋಡಲಿ. ನಿತ್ಯ ನೆನೆಸಲು ಪುರುಸೊತ್ತಿಲ್ಲದವರು ಸ್ನಾನವಾದ ತಕ್ಷಣ ಹಚ್ಚಿದರೂ ಆದೀತು. ಮೇಲುಮೇಲಿನ ಬಿರುಕು ಎರಡು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ವರ್ಷಗಳಿಂದ ಗಡುಸಾದ ಚರ್ಮ ಮೆತ್ತಗಾಗಲು ತಿಂಗಳುಗಳೇ ಬೇಕು. ವಾಸಿಯಾಯಿತೆಂದು ನಿಲ್ಲಿಸಿದರೆ ಮತ್ತೆ ಒಡೆಯುತ್ತದೆ.

ಯಾವುದನ್ನು ಹಚ್ಚಬೇಕು?

ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಔಡಲ ಎಣ್ಣೆ, ಮನೆಯ ತುಪ್ಪ ಇವುಗಳಲ್ಲಿ ಯಾವುದಾದರೂ ಆಗಬಹುದು. ಔಡಲ ಎಣ್ಣೆ ಮಂದವಾದುದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ. ಪೇಟೆಯಲ್ಲಿ ಸಿಗುವ ವ್ಯಾಸಲೀನು ಅಗ್ಗವೂ ಹೌದು, ತೇವ ಹಿಡಿದಿಡುವುದರಲ್ಲಿ ಎಣ್ಣೆಗಳಿಗಿಂತ ಮೇಲೂ ಹೌದು, ಅದನ್ನು ಕೀಳೆಣಿಸಬೇಕಾಗಿಲ್ಲ. ಉತ್ತರ ಕನ್ನಡ ಮತ್ತು ಮಲೆನಾಡಿನ ಕಡೆ ಮುರುಗಲ ಬೀಜದಿಂದ ತೆಗೆದ ಗಟ್ಟಿ ತುಪ್ಪವನ್ನು ಒಡೆದ ಕಾಲಿಗೆ ಹಚ್ಚುವ ರೂಢಿ ಬಹಳ ಹಿಂದಿನಿಂದ ಬಂದಿದೆ. ಮುರುಗಲ ತುಪ್ಪ ಸಾಮಾನ್ಯ ಉಷ್ಣತೆಯಲ್ಲಿ ಗಟ್ಟಿಯಾಗಿದ್ದು ಸ್ವಲ್ಪ ಬೆಚ್ಚಗೆ ಮಾಡಿದರೆ ಕರಗುತ್ತದೆ. ಚರ್ಮದ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಆ ಕಡೆ ಬಂಧುಗಳಿದ್ದರೆ ತರಿಸಿಕೊಳ್ಳಿರಿ.

ಮನೆಯಲ್ಲಿಯೇ ಮುಲಾಮು ಮಾಡಿಕೊಳ್ಳಬೇಕೆಂಬವರಿಗೆ ಒಂದು ಸುಲಭ ವಿಧಾನ: ಜೇನುಮೇಣ 20 ಗ್ರಾಂ, ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ 100 ಮಿಲಿಲೀಟರ್. ಮೇಣ ಗ್ರಂಧಿಗೆ ಅಂಗಡಿಯಲ್ಲಿ ಅಥವಾ ಜೇನು ಸಾಕುವವರಲ್ಲಿ ಸಿಗುತ್ತದೆ. ಪಾತ್ರೆಯನ್ನು ನೇರವಾಗಿ ಒಲೆಯ ಮೇಲಿಡಬಾರದು. ಬಿಸಿನೀರಿರುವ ದೊಡ್ಡ ಪಾತ್ರೆಯೊಳಗೆ ಸಣ್ಣ ಪಾತ್ರೆಯನ್ನಿಟ್ಟು ಅದರಲ್ಲಿ ಎಣ್ಣೆ ಮತ್ತು ಮೇಣ ಹಾಕಬೇಕು. ಮೇಣ 60 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚಿನ ಶಾಖಕ್ಕೆ ಕರಗುತ್ತದೆ. ಕರಗಿದ ಕೂಡಲೆ ಕೆಳಗಿಳಿಸಿ, ಒಣಗಿದ ಭರಣಿಗೆ ಸುರಿದು, ಆರುವವರೆಗೆ ಕಲಕಬೇಕು. ನೀರಿನ ಹನಿ ತಾಗಬಾರದು. ಪೂರ್ತಿ ತಣ್ಣಗಾದ ಮೇಲೆಯೇ ಹಚ್ಚಬೇಕು.

ಗಟ್ಟಿ ಚರ್ಮ ಬಹಳ ದಪ್ಪವಾಗಿದ್ದರೆ ಔಷಧದ ಅಂಗಡಿಯಲ್ಲಿ ಯೂರಿಯಾ ಇರುವ ಮುಲಾಮು ದೊರೆಯುತ್ತದೆ. ಯೂರಿಯಾ ತೇವವನ್ನು ಹಿಡಿದಿಡುತ್ತದೆ, ಗಡುಸಾದ ಪದರವನ್ನು ಸಡಿಲಿಸುತ್ತದೆ. ನೂರಕ್ಕೆ 10 ಅಂಶದ ಮುಲಾಮಿನಿಂದ ಆರಂಭಿಸಿದರೆ ಸಾಕು. ಒಕ್ಕಲುತನದ ಮನೆಗಳಿಗೆ ಇಲ್ಲೊಂದು ಎಚ್ಚರಿಕೆ: ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವ ಪ್ರಯೋಗಕ್ಕೆ ಎಂದಿಗೂ ಇಳಿಯಬಾರದು. ಔಷಧಕ್ಕೆ ಬಳಸುವಷ್ಟು ಅದು ಶುದ್ಧವಲ್ಲ. ಅದರ ಪ್ರಮಾಣವೂ ನಮ್ಮ ಕೈಯಳತೆಗೆ ಸಿಗುವಂಥದಲ್ಲ.

ಮಾಡಬಾರದ ಕೆಲಸಗಳು

ಬ್ಲೇಡು, ಚಾಕು, ಕತ್ತರಿಗಳಿಂದ ಗಟ್ಟಿ ಚರ್ಮವನ್ನು ಕೊಯ್ಯಬಾರದು. ಬಿಸಿ ಮೇಣವನ್ನು ಬಿರುಕಿನೊಳಗೆ ಹನಿಸುವ ರೂಢಿ ಕೆಲವೆಡೆ ಇದೆ. ಅದು ಸುಟ್ಟ ಗಾಯಕ್ಕೆ ಕಾರಣವಾಗುತ್ತದೆ. ಸುಣ್ಣ, ಸೀಮೆಎಣ್ಣೆ, ತಂಬಾಕು, ಬೂದಿ, ಸೆಗಣಿ ಇವುಗಳನ್ನು ಬಿರುಕಿಗೆ ತುಂಬಬಾರದು. ಮಣ್ಣು ಮತ್ತು ಸೆಗಣಿಯಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ತೆರೆದ ಬಿರುಕು ಅವುಗಳಿಗೆ ಬಾಗಿಲು. ಹೊಲದಲ್ಲಿ, ದನದ ಕೊಟ್ಟಿಗೆಯಲ್ಲಿ ಕೆಲಸ ಮಾಡುವವರು ಬಿರುಕಿದ್ದಾಗ ಬರಿಗಾಲಿನಲ್ಲಿ ಹೋಗಬಾರದು. ಧನುರ್ವಾಯುವಿನ ಚುಚ್ಚುಮದ್ದಾಗಿದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ರಕ್ತ ಜಿನುಗುವ ಬಿರುಕನ್ನು ಸಾಬೂನು ನೀರಿನಿಂದ ತೊಳೆದು ಒರೆಸಿ, ವ್ಯಾಸಲೀನು ಹಚ್ಚಿ, ಶುದ್ಧವಾದ ಹತ್ತಿ ಬಟ್ಟೆ ಕಟ್ಟಬೇಕು.

ಸಕ್ಕರೆ ಕಾಯಿಲೆಯವರ ನಿಯಮವೇ ಬೇರೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. ಹಾಗಾಗಿ ಇದು ಯಾರದೋ ಮನೆಯ ಮಾತೆಂದು ಓದಿ ಮುಂದೆ ಹೋಗುವಂತಿಲ್ಲ. ಬಹುಕಾಲದ ಮಧುಮೇಹ ಪಾದದ ನರಗಳನ್ನು ಕುಗ್ಗಿಸುತ್ತದೆ. ನರಗಳು ಕುಗ್ಗಿದರೆ ಬೆವರು ನಿಂತು ಚರ್ಮ ಒಣಗುತ್ತದೆ, ಒಡೆಯುತ್ತದೆ, ಒಡೆದುದು ನೋಯುವುದಿಲ್ಲ. ರಕ್ತಸಂಚಾರವೂ ಕಡಿಮೆಯಾದರೆ ಆದ ಗಾಯ ಮಾಯುವುದಿಲ್ಲ. ನಮ್ಮ ಅತ್ತೆಯವರು "ಬ್ಯಾನಿನ ಇಲ್ಲ" ಎಂದಾಗ ನಾನು ಹೆದರಬೇಕಾಗಿತ್ತು.

ಇಂಥವರು ಕಾಲನ್ನು ನೀರಿನಲ್ಲಿ ನೆನೆಸಿಡಬಾರದು. ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒರೆಸಿದರೆ ಸಾಕು. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಅಥವಾ ಮನೆಯ ಬೇರೊಬ್ಬರ ಕೈಯಿಂದ ನೋಡಬೇಕು. ಬಿಸಿನೀರಿನ ಚೀಲ, ಬೆಂಕಿಯ ಶಾಖ ಬೇಡ. ಕಲ್ಲಿನಿಂದ ಉಜ್ಜುವುದು, ಗಟ್ಟಿ ಚರ್ಮ ಕರಗಿಸುವ ಆಮ್ಲದ ಔಷಧಗಳನ್ನು ತಾವೇ ತಂದು ಹಚ್ಚುವುದು ಬೇಡ. ದಪ್ಪ ಚರ್ಮ ತೆಗೆಯುವ ಕೆಲಸ ವೈದ್ಯರದು. ತೊಳೆದ ಮೇಲೆ ವ್ಯಾಸಲೀನು ಅಥವಾ ಎಣ್ಣೆಯನ್ನು ನಿತ್ಯ ಹಚ್ಚುವುದು ಇವರಿಗೂ ಅವಶ್ಯ. ಬೆರಳ ಸಂದಿಗೆ ಮಾತ್ರ ಬೇಡ.

ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಬಾರದು. ಚಪ್ಪಲಿ ಒಳಗೆ ತರುವುದು ನಮ್ಮಲ್ಲಿ ಹಲವರಿಗೆ ಒಗ್ಗುವುದಿಲ್ಲ. ಮನೆಯೊಳಗೆ ಮಾತ್ರ ಬಳಸುವ ಶುದ್ಧವಾದ ಮೆತ್ತನೆಯ ಜೋಡೊಂದನ್ನು ಬೇರೆಯಾಗಿ ಇಟ್ಟರೆ ಆಕ್ಷೇಪಣೆಗೆ ಎಡೆಯಿರುವುದಿಲ್ಲ. ಸ್ಪರ್ಶ ಕುಗ್ಗಿದವರಿಗೆಂದು ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿಗಳು ದೊರೆಯುತ್ತವೆ, ವೈದ್ಯರನ್ನು ಕೇಳಿರಿ. ಮೆಟ್ಟುವ ಮುನ್ನ ಚಪ್ಪಲಿಯೊಳಗೆ ಕೈಯಾಡಿಸಿ ಹರಳು, ಮೊಳೆ ಇದೆಯೇ ಎಂದು ನೋಡುವ ರೂಢಿಯಿರಲಿ. ದಿನಕ್ಕೊಮ್ಮೆ ಅಂಗಾಲು, ಹಿಮ್ಮಡಿ, ಬೆರಳ ಸಂದಿಗಳನ್ನು ಬೆಳಕಿನಲ್ಲಿ ನೋಡಬೇಕು. ಬಾಗಲಾರದ ಹಿರಿಯರು ನೆಲದ ಮೇಲೆ ಕನ್ನಡಿಯಿಟ್ಟು ನೋಡಿಕೊಳ್ಳಬಹುದು. ಕಣ್ಣು ಮಂದವಾಗಿದ್ದರೆ ಮನೆಯವರೇ ನೋಡಬೇಕು.

ಸಕ್ಕರೆ ಇದೆಯೋ ಇಲ್ಲವೋ ತಿಳಿಯದವರು ಪರೀಕ್ಷೆ ಮಾಡಿಸಿಕೊಳ್ಳಲಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತವಾಗಿದೆ.

ವೈದ್ಯರಲ್ಲಿಗೆ ಯಾವಾಗ?

ಬಿರುಕಿನ ಸುತ್ತ ಕೆಂಪು, ಊತ, ಬಿಸಿ ಕಂಡರೆ. ಕೀವು ಅಥವಾ ದುರ್ವಾಸನೆ ಬಂದರೆ. ಕೆಂಪು ಮೇಲಕ್ಕೆ ಹರಡುತ್ತಿದ್ದರೆ. ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದರೆ. ಜ್ವರ ಬಂದರೆ ಅಂದೇ ಹೋಗಬೇಕು. ಮೂರು ನಾಲ್ಕು ವಾರ ಕ್ರಮವಾಗಿ ಆರೈಕೆ ಮಾಡಿಯೂ ಗುಣ ಕಾಣದಿದ್ದರೆ ಚರ್ಮವೈದ್ಯರಿಗೆ ತೋರಿಸಬೇಕು. ಮಧುಮೇಹವಿದ್ದವರ ಕಾಲಿನಲ್ಲಿ ಆಳವಾದ ಒಂದು ಬಿರುಕು ಕಂಡರೂ ಸಾಕು. ನೋವಿಗಾಗಿ ಕಾಯದೆ ಹೋಗಬೇಕು.

ಪಾದಯಾತ್ರೆಗೆ ಹೊರಡುವವರಿಗೆ

ಯುಗಾದಿಯ ಮುನ್ನ ನಮ್ಮ ಉತ್ತರದ ಜಿಲ್ಲೆಗಳಿಂದ ಸಹಸ್ರಾರು ಭಕ್ತರು ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುತ್ತಾರೆ. ಆಗ ಬಿಸಿಲೇರುವ ಕಾಲ. ಡಾಂಬರು ರಸ್ತೆ ಕಾದ ಹಂಚಿನಂತಿರುತ್ತದೆ. ಮಾಗಿಯಲ್ಲಿ ಒಡೆದ ಹಿಮ್ಮಡಿಯನ್ನು ಹಾಗೆಯೇ ಹೊತ್ತು ಹೊರಟರೆ ಎರಡನೆಯ ದಿನಕ್ಕೇ ಹೆಜ್ಜೆಯಿಡಲಾಗದು. ಆದುದರಿಂದ ಹೊರಡುವ ಒಂದು ತಿಂಗಳ ಮೊದಲೇ ರಾತ್ರಿಯ ಆರೈಕೆಯನ್ನು ಆರಂಭಿಸಬೇಕು. ಹಳೆಯ, ಕಾಲಿಗೆ ಹೊಂದಿಕೊಂಡ ಪಾದರಕ್ಷೆಯೇ ಇರಲಿ. ಹೊಸದು ಬೊಬ್ಬೆ ಎಬ್ಬಿಸುತ್ತದೆ. ಎರಡು ಜೊತೆ ಹತ್ತಿಯ ಕಾಲುಚೀಲ, ಒಂದು ಡಬ್ಬಿ ವ್ಯಾಸಲೀನು, ಶುದ್ಧ ಬಟ್ಟೆಯ ಪಟ್ಟಿ ಜೋಳಿಗೆಯಲ್ಲಿರಲಿ. ರಾತ್ರಿ ತಂಗಿದಲ್ಲಿ ಕಾಲು ತೊಳೆದು ನೋಡಿಕೊಳ್ಳದೆ ಮಲಗಬಾರದು. ಬರಿಗಾಲಿನ ಹರಕೆ ಹೊತ್ತವರಲ್ಲಿ ಮಧುಮೇಹವಿದ್ದವರಿದ್ದರೆ ಹೊರಡುವ ಮುನ್ನ ವೈದ್ಯರ ಮಾತನ್ನೂ, ಮನೆಯ ಗುರುಗಳ ಮಾತನ್ನೂ ಕೇಳಲಿ. ಪಾದರಕ್ಷೆ ಮೆಟ್ಟಿ ನಡೆದುದರಿಂದ ಭಕ್ತಿ ಕಡಿಮೆಯಾಗುವುದಿಲ್ಲವೆಂದು ನನ್ನ ನಂಬಿಕೆ.

ಕೊನೆಯ ಮಾತು

ನಮ್ಮ ಅತ್ತೆಯವರು ಹರೆಯದಲ್ಲಿ ಮೂರು ಸಲ ಶ್ರೀಶೈಲಕ್ಕೆ ನಡೆದು ಹೋಗಿ ಬಂದವರು. ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ನಡೆಯುವ ಮಾತೆತ್ತಲಿಲ್ಲ; ಯುಗಾದಿಯ ಮುಂದೆ ಊರ ಜನ ಹೊರಡುವಾಗ ಕಟ್ಟೆಯ ಮೇಲೆ ಕುಳಿತು ಅವರನ್ನು ಕಳಿಸಿಕೊಡುತ್ತಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ ಬಂತು. ರಾತ್ರಿ ಊಟವಾದ ಮೇಲೆ ಮೊಮ್ಮಗಳು ಬ್ಯಾಟರಿ ಹಿಡಿದು ಅಜ್ಜಿಯ ಎರಡೂ ಅಂಗಾಲುಗಳನ್ನು ನೋಡಿ, ಎಣ್ಣೆ ಹಚ್ಚಿ, ಆ ಬಳಿಕವೇ ಓದಲು ಕೂಡುವಳು. ಮೊದಮೊದಲು "ಕೂಸಿನ ಕೈಲೆ ಕಾಲು ಮುಟ್ಟಸ್ಕೋಬೇಕಾ" ಎಂದು ಸಂಕೋಚಪಡುತ್ತಿದ್ದ ಅತ್ತೆಯವರು ಕ್ರಮೇಣ ತಾವೇ ಕಾಲು ಚಾಚಿ ಅವಳನ್ನು ಕರೆಯತೊಡಗಿದರು. ಇದಕ್ಕೆ ಹಿಡಿಯುವುದು ಐದು ನಿಮಿಷ. 2015ಕ್ಕೆ ಮೊದಲು ಆ ಐದು ನಿಮಿಷ ನಮ್ಮಲ್ಲಿಯೂ ಇತ್ತು, ನಾವು ಕೊಡಲಿಲ್ಲ.

ಈ ಸಂಚಿಕೆ ನಿಮ್ಮ ಕೈ ಸೇರಿದ ದಿನವೇ ಮನೆಯ ಹಿರಿಯರ ಪಾದಕ್ಕೆ ನಮಸ್ಕರಿಸಿರಿ. ನಮಸ್ಕರಿಸುವಾಗ ದೀಪವನ್ನು ಸ್ವಲ್ಪ ಹತ್ತಿರ ತನ್ನಿರಿ.